ಮುಧೋಳ ಮರಿ ತರುವ ಮುನ್ನ: ಓಟ ಆಮೇಲೆ, ಮೊದಲು ತಾಯಿಯನ್ನು ನೋಡಿ

ನಾನು ಮೊದಲ ಸಲ ಮುಧೋಳ ಮರಿ ತಂದಾಗ ಅದರ ಬಣ್ಣ ನೋಡಿದೆ, ಕಾಲು ಎಷ್ಟು ಉದ್ದ ಇದೆ ಅಂತ ನೋಡಿದೆ, ಮಾರುವವರು ಫೋನಿನಲ್ಲಿ ತೋರಿಸಿದ ಓಟದ ವಿಡಿಯೊ ನೋಡಿದೆ. ಅಷ್ಟೇ. ಮರಿಗೆ ಆಗ 35 ದಿನ. ತಾಯಿ ಎಲ್ಲಿದೆ ಅಂತ ಕೇಳಿದ್ದಕ್ಕೆ "ತೋಟದಾಗ ಐತ್ರಿ" ಅಂದರು. ನಾನೂ ಸುಮ್ಮನಾದೆ. ವರ್ಷ ತುಂಬುವ ಹೊತ್ತಿಗೆ ನಾಯಿ ಬಿಟ್ಟ ಬಾಣದ ಹಾಗೆ ಓಡುತ್ತಿತ್ತು, ಅದರಲ್ಲಿ ಮೋಸ ಇರಲಿಲ್ಲ. ಆದರೆ ಮನೆಗೆ ಯಾರೇ ಬಂದರೂ ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಗೇಟು ತೆರೆದರೆ ಊರಾಚೆ. ಹುಡುಕಿ ತರಲು ಬೈಕ್ ಬೇಕಾಗುತ್ತಿತ್ತು.

ಆಮೇಲೆ ಬಾಗಲಕೋಟೆ ಕಡೆ ಈ ನಾಯಿಗಳ ಜೊತೆಯೇ ಬೆಳೆದ ಹಿರಿಯರೊಬ್ಬರ ಹತ್ತಿರ ಕೂತು ಮಾತಾಡಿದೆ. ನನ್ನ ಕತೆ ಕೇಳಿ ಅವರು ನಕ್ಕರು. "ಓಡೋದು ಅದರ ರಕ್ತದಾಗ ಐತಿ. ಅದಕ್ಕ ಯಾಕ ರೊಕ್ಕ ಕೊಟ್ರಿ? ಕರದ್ರ ಬರತದೇನು, ಅದನ್ನ ನೋಡಬೇಕಿತ್ತು" ಅಂದರು.

ಬೇಟೆ ಕಾಲದ ಲೆಕ್ಕ ಯೋಚಿಸಿದರೆ ಈ ಮಾತು ಸರಿಯೇ. ನಾಯಿ ಮೊಲದ ಹಿಂದೆ ಬಯಲು ದಾಟಿ ಹೋಗಿರುತ್ತದೆ, ಒಡೆಯ ಕಾಲ್ನಡಿಗೆಯಲ್ಲಿ ಹಿಂದೆ ಉಳಿದಿರುತ್ತಾನೆ. ಎಷ್ಟೇ ವೇಗ ಇದ್ದರೂ ಹಿಡಿದದ್ದನ್ನು ತಾನೇ ಹರಿದು ತಿಂದರೆ, ಕೂಗಿದರೆ ತಿರುಗಿ ನೋಡದಿದ್ದರೆ, ಆ ನಾಯಿಯಿಂದ ಏನು ಪ್ರಯೋಜನ? ಈಗ ಬೇಟೆ ಇಲ್ಲ. ಆದರೂ ಮರಿ ಆರಿಸುವಾಗ ಆ ಹಳೆಯ ಲೆಕ್ಕವೇ ಕೈ ಹಿಡಿಯುತ್ತದೆ.

ಮೊದಲು: ನಾಯಿಗೆ ನಿಮ್ಮ ಮನೆಯಲ್ಲಿ ಕೆಲಸ ಏನು?

ಬೇಟೆಗೆ ಅಂತ ಯಾರಾದರೂ ಯೋಚಿಸುತ್ತಿದ್ದರೆ ಅದನ್ನು ಇಲ್ಲಿಯೇ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲ ಹೊಡೆಯುವುದೂ ಅಪರಾಧ. ಕಾಡುಪ್ರಾಣಿಯ ಮೇಲೆ ನಾಯಿ ಬಿಟ್ಟು ಅಟ್ಟಿಸಿದರೂ ಅದು ಬೇಟೆಯೇ. "ಸುಮ್ನೆ ಓಡಿಸಿದ್ವಿ ಸಾರ್" ಅಂದರೆ ನಡೆಯುವುದಿಲ್ಲ.

ಉಳಿದದ್ದು ಹೊಲ ಕಾಯುವುದು, ಮನೆಯಲ್ಲಿ ಜೊತೆಗಿರುವುದು, ಪ್ರದರ್ಶನಕ್ಕೆ ಒಯ್ಯುವುದು. ಹೊಲಕ್ಕೆ ಬೇಕಿದ್ದರೆ ಧೈರ್ಯದ ಮರಿ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮುಟ್ಟಿಸಿಕೊಳ್ಳಲು ಹಿಂಜರಿಯದ್ದು ಬೇಕು. ಪ್ರದರ್ಶನದ ಹುಚ್ಚಿದ್ದವರಿಗೆ ಅಂಗಸೌಷ್ಠವವೇ ಮುಖ್ಯ, ಅವರಿಗೆ ನನ್ನ ಸಲಹೆ ಹೆಚ್ಚು ಉಪಯೋಗಕ್ಕೆ ಬರಲಿಕ್ಕಿಲ್ಲ.

ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬುವ ಜಾತಿ. ದೂರದಲ್ಲಿ ಏನಾದರೂ ಅಲುಗಾಡಿದರೆ ಸಾಕು, ಹೊರಟೇಬಿಡುತ್ತದೆ. ಅದು ಅಳಿಲಾಗಿರಬಹುದು, ಪಕ್ಕದ ಮನೆಯ ಕೋಳಿಯಾಗಿರಬಹುದು, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲವೂ ಆಗಿರಬಹುದು. ನಾಲ್ಕಡಿ ಕಾಂಪೌಂಡ್ ಅದಕ್ಕೆ ಲೆಕ್ಕವೇ ಅಲ್ಲ. ದಿನಕ್ಕೊಂದು ಸಲವಾದರೂ ಸುರಕ್ಷಿತವಾದ ಜಾಗದಲ್ಲಿ ಮೈತುಂಬ ಓಡಲು ಬಿಡಬೇಕು. ಅಷ್ಟು ಮಾಡಿದರೆ ಉಳಿದ ಹೊತ್ತು ಮನೆಯೊಳಗೆ ಸೋಮಾರಿಯ ಹಾಗೆ ಬಿದ್ದಿರುತ್ತದೆ. ಓಡಲು ಜಾಗ, ಓಡಿಸಲು ಪುರುಸೊತ್ತು ಎರಡೂ ಇಲ್ಲ ಅಂದರೆ ಬೇರೆ ಜಾತಿ ನೋಡಿ. ಇದರಲ್ಲಿ ಅವಮಾನ ಏನೂ ಇಲ್ಲ.

ಎರಡನೆಯದು: ತಾಯಿಯ ಹತ್ತಿರ ಅರ್ಧ ಗಂಟೆ ಕೂರಿ

ಮರಿಗಿಂತ ಮೊದಲು ತಾಯಿಯನ್ನು ನೋಡಬೇಕು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತೇವಲ್ಲ, ನಾಯಿ ವಿಷಯದಲ್ಲಿ ಅದು ಅಕ್ಷರಶಃ ನಿಜ. ಮರಿ ಸ್ವಭಾವದಲ್ಲಿ ರಕ್ತದ ಪಾಲೂ ಇದೆ, ಮೊದಲ ಎಂಟು ವಾರ ತಾಯಿಯನ್ನು ನೋಡಿ ಕಲಿತದ್ದೂ ಇದೆ. ತಾಯಿ ಸದ್ದಿಗೆ ಬೆಚ್ಚಿ ಓಡಿದರೆ ಮರಿಯೂ ಅದನ್ನೇ ಕಲಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಜಾತಿಗೆ ಹೊಸಬರು ಮೈ ಮುಟ್ಟುವುದು ಹಿಡಿಸುವುದಿಲ್ಲ. ಲ್ಯಾಬ್ರಡಾರ್ ಹಾಗೆ ಬಂದು ಮೈಮೇಲೆ ಬೀಳುವುದಿಲ್ಲ. ಅದಕ್ಕೇ "ಇದು ಹೆದರುಪುಕ್ಕಲು" ಅಂದುಕೊಂಡರೆ ತಪ್ಪು. ಬಿಗುಮಾನ ಬೇರೆ, ಭಯ ಬೇರೆ. ಬಿಗುಮಾನದ ನಾಯಿ ನಾಲ್ಕು ಮಾರು ದೂರ ನಿಂತು ನಿಮ್ಮನ್ನು ನೆಟ್ಟಗೆ ನೋಡುತ್ತದೆ. ಒಡೆಯ ಪಕ್ಕದಲ್ಲಿದ್ದರೆ ಸ್ವಲ್ಪ ಹೊತ್ತಿಗೆ ಮೂಸಲು ಬರುತ್ತದೆ. ಹೆದರಿದ ನಾಯಿಯ ಬಾಲ ಹೊಟ್ಟೆಗೆ ಅಂಟಿರುತ್ತದೆ, ಬೆನ್ನು ಬಾಗಿರುತ್ತದೆ, ಕಣ್ಣು ಓಡಲು ದಾರಿ ಹುಡುಕುತ್ತಿರುತ್ತದೆ. ಅಂಥ ನಾಯಿಯೇ ಒಂದು ದಿನ ಮೂಲೆಗೆ ಸಿಕ್ಕಿ ಕಚ್ಚುವುದು.

ಒಡೆಯರಿಗೆ ಒಂದು ಮಾತು ಹೇಳಿ: "ಸ್ವಲ್ಪ ದೂರ ಹೋಗಲಿ, ಆಮೇಲೆ ಕರೀರಿ." ತಾಯಿ ಒಂದೆರಡು ಕೂಗಿಗೆ ತಿರುಗಿ ಬಂದರೆ ಅರ್ಧ ಕೆಲಸ ಮುಗಿದಂತೆ. ಕಟ್ಟಿದ ಸರಪಳಿ ಬಿಚ್ಚಲು ಒಡೆಯರೇ ಹಿಂದೆಮುಂದೆ ನೋಡಿದರೆ ಅದೂ ಉತ್ತರವೇ. ತಾಯಿ ತೋಟದಲ್ಲಿದೆ, ಅಣ್ಣನ ಮನೆಯಲ್ಲಿದೆ, ನಾಳೆ ತೋರಿಸ್ತೀನಿ ಅಂದರೆ? ನಾಳೆಯೇ ಬನ್ನಿ. ಮುಂಗಡ ಕೊಡಬೇಡಿ.

ತಂದೆ ಬೇರೆ ಊರಿನಲ್ಲಿ ಇರಬಹುದು, ಅದು ಸಹಜ. ಯಾವ ಮನೆಯ ನಾಯಿ ಅಂತ ಕೇಳಿಕೊಂಡು, ಸಾಧ್ಯವಾದರೆ ಹೋಗಿ ನೋಡಿ. ವೇಗ ಹೆಚ್ಚಲಿ ಅಂತ ಗ್ರೇಹೌಂಡ್ ಜೊತೆ ಕೂಡಿಸಿದ ಮರಿಗಳನ್ನೂ ಮುಧೋಳ ಅಂತಲೇ ಮಾರುವವರಿದ್ದಾರೆ. ಮರಿಯಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ತಂದೆಯನ್ನು ನೋಡಿದರೆ ಗುಟ್ಟು ಗೊತ್ತಾಗುತ್ತದೆ.

ಮೈಕಟ್ಟು: ದೊಡ್ಡ ನಾಯಿಯಲ್ಲಿ ನೋಡಿ

ಎರಡು ತಿಂಗಳ ಮುಧೋಳ ಮರಿ ನೋಡಲು ಸಾಮಾನ್ಯ ಬೀದಿ ಮರಿಯ ಹಾಗೇ ಇರುತ್ತದೆ, ನಿಜ ಹೇಳಬೇಕೆಂದರೆ. ಹಾಗಾಗಿ ಮೈಕಟ್ಟನ್ನು ತಂದೆತಾಯಿಯಲ್ಲಿ ನೋಡಬೇಕು. ಗಂಡು ಹೆಗಲಿನ ಹತ್ತಿರ 27ರಿಂದ 28 ಇಂಚು ಎತ್ತರ ಬರುತ್ತದೆ, ಹೆಣ್ಣು ಒಂದೆರಡು ಇಂಚು ಕಡಿಮೆ. ಉದ್ದನೆಯ ಕಿರಿದಾದ ಮುಖ, ತಲೆಗೆ ಅಂಟಿಕೊಂಡ ಜೋಲು ಕಿವಿ, ಉದ್ದ ಕತ್ತು, ನುಣುಪಾದ ಗಿಡ್ಡ ಕೂದಲು.

ಹಳಬರ ಕಣ್ಣು ಮೊದಲು ಹೋಗುವುದು ಎದೆಗೆ. ಎದೆಗೂಡು ಮುಂಗಾಲಿನ ಮೊಣಕೈವರೆಗೆ ಇಳಿದಿರಬೇಕು. ಓಡುವಾಗ ಬೇಕಾದ ಉಸಿರಿಗೆ, ದೊಡ್ಡ ಹೃದಯಕ್ಕೆ ಜಾಗ ಅಲ್ಲಿಯೇ. ಅದಕ್ಕೆ ಎದುರಾಗಿ ಹೊಟ್ಟೆ ಬೆನ್ನಿಗೆ ಹತ್ತಿದ ಹಾಗೆ ಮೇಲೆ ಹೋಗಿರಬೇಕು. ಓಡುವಾಗ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತದೆ, ಹೊಟ್ಟೆ ಅಡ್ಡ ಬಂದರೆ ಆಗುವುದಿಲ್ಲ. ಸೊಂಟದ ಹತ್ತಿರ ಬೆನ್ನು ಸ್ವಲ್ಪ ಬಿಲ್ಲಿನಂತೆ ಬಾಗಿರುವುದು ಕೂಡ ಇದಕ್ಕೇ. ಆ ಬಿಲ್ಲು ಮಡಚಿ ಬಿಚ್ಚಿದಾಗಲೇ ನೆಗೆತ ಬರುವುದು.

ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುತ್ತಿದ್ದರೆ ಗಾಬರಿ ಬೇಡ, ಆ ಜಾತಿ ಇರುವುದೇ ಹಾಗೆ. ಇದನ್ನು ಸಾಕಿದವರೆಲ್ಲ "ಊಟ ಹಾಕಲ್ವಾ ಪಾಪ?" ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟೇ ಸುಸ್ತಾಗಿದ್ದಾರೆ. ಆದರೆ ಬೆನ್ನೆಲುಬಿನ ಒಂದೊಂದು ಮಣಿಯೂ ಎದ್ದು ಕಂಡು, ತೊಡೆಯಲ್ಲಿ ಸ್ನಾಯು ಇಲ್ಲದಿದ್ದರೆ ಅದು ನಿಜಕ್ಕೂ ಹಸಿವು.

ಬಣ್ಣದ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಕೆನೆ, ಕಂದು, ಕಪ್ಪು, ಬೂದು ಎಲ್ಲವೂ ಇವೆ. ಬಣ್ಣಕ್ಕೆ ಜಾಸ್ತಿ ಕೊಡುವವರು ಕೊಡಲಿ.

ಮರಿ ಆರಿಸುವ ದಿನ

ಎಂಟು ವಾರ ತುಂಬದ ಮರಿಯನ್ನು ತರಲೇಬೇಡಿ. 2017ರ ನಾಯಿ ಸಾಕಾಣಿಕೆ ಮತ್ತು ಮಾರಾಟದ ನಿಯಮಗಳೂ ಅದನ್ನೇ ಹೇಳುತ್ತವೆ. ಮರಿ ಕಚ್ಚುವ ಜೋರು ಎಷ್ಟಿರಬೇಕು, ಇನ್ನೊಂದು ನಾಯಿಯ ಜೊತೆ ಹೇಗಿರಬೇಕು ಅನ್ನುವುದನ್ನೆಲ್ಲ ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಕಲಿಯುತ್ತದೆ. ನಾನು 35 ದಿನಕ್ಕೇ ತಂದದ್ದರ ಬೆಲೆಯನ್ನು ನನ್ನ ಚಪ್ಪಲಿಗಳೂ ತೆತ್ತವು, ಕೈಯೂ ತೆತ್ತಿತು.

ಎರಡು ಸಲ ಹೋಗಿ. ಒಮ್ಮೆ ಹಸಿದಿರುವಾಗ, ಒಮ್ಮೆ ಹೊಟ್ಟೆ ತುಂಬಿದ ಮೇಲೆ. ನಿದ್ದೆಗಣ್ಣಿನ ಮರಿ ನೋಡಿ "ಶಾಂತ ಸ್ವಭಾವ" ಅಂತ ಮೋಸ ಹೋಗುವವರು ಬಹಳ.

ಮೊದಲು ಆರೋಗ್ಯ. ವಸಡು ಗುಲಾಬಿ ಬಣ್ಣ ಇರಬೇಕು. ಮೈ ಸಣ್ಣಗಿದ್ದು ಹೊಟ್ಟೆ ಮಾತ್ರ ಗುಡಾಣದ ಹಾಗಿದ್ದರೆ ಜಂತುಹುಳು. ಹೊಕ್ಕುಳಲ್ಲಿ ಮೆತ್ತನೆ ಗಂಟು ಸಿಕ್ಕಿದರೆ ವೈದ್ಯರಿಗೆ ತೋರಿಸಿಯೇ ಮುಂದಿನ ಮಾತು. ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನದರ ಮೇಲೆ ಕತ್ತರಿಯಂತೆ ಕೂರಬೇಕು. ಪಾರ್ವೊ, ಡಿಸ್ಟೆಂಪರ್ ಲಸಿಕೆಯ ಚೀಟಿ ಕೇಳಿ, ದಿನಾಂಕ ಓದಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಅದು ನಿಮ್ಮ ಜವಾಬ್ದಾರಿ.

ಆಮೇಲೆ ಆಟ. ಒಂದು ದಾರಕ್ಕೆ ಬಟ್ಟೆ ಚೂರು ಕಟ್ಟಿ ನೆಲದ ಮೇಲೆ ಎಳೆಯಿರಿ. ಈ ಜಾತಿಯ ಮರಿ ಮೊದಲು ಕಣ್ಣಿನಲ್ಲಿ ಹಿಂಬಾಲಿಸುತ್ತದೆ, ಆಮೇಲೆ ಕಾಲಿನಲ್ಲಿ. ನಂತರ ಸ್ಟೀಲ್ ತಟ್ಟೆಯೊಂದನ್ನು ಸ್ವಲ್ಪ ದೂರದಲ್ಲಿ ಬೀಳಿಸಿ. ಎಲ್ಲ ಮರಿಗಳೂ ಬೆಚ್ಚುತ್ತವೆ. ಬೆಚ್ಚುವುದು ತಪ್ಪಲ್ಲ. ಅರ್ಧ ನಿಮಿಷದೊಳಗೆ ತಟ್ಟೆ ಮೂಸಲು ಬರುವ ಮರಿ ಯಾವುದು ನೋಡಿ, ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಕೊನೆಗೆ ಅದನ್ನು ಉಳಿದವುಗಳಿಂದ ಬೇರೆ ಮಾಡಿ, ಕುಕ್ಕರಗಾಲಲ್ಲಿ ಕೂತು, ಚ್ಚು ಚ್ಚು ಅಂತ ಕರೆಯಿರಿ. ಹೊಸ ಮನುಷ್ಯನ ಕರೆಗೆ ತಡವರಿಸುತ್ತಲಾದರೂ ಬರುವ ಮರಿಯನ್ನು ನಾನಾದರೆ ಕಣ್ಣು ಮುಚ್ಚಿ ತರುತ್ತೇನೆ. ಎಲ್ಲರಿಗಿಂತ ಮೊದಲು ನುಗ್ಗಿ ಬರುವ ಪುಂಡನ ಮೇಲೆ ಆಸೆಯಾಗುತ್ತದೆ, ಗೊತ್ತು. ಮೊದಲ ಸಲ ಸಾಕುವವರಿಗೆ ಅದು ಬೇಡ.

ಎಲ್ಲಿ ಕೇಳಬೇಕು, ಕಾಗದ ಏನು?

ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸಿ. ಸೇನೆ ಪರೀಕ್ಷೆಗೆಂದು 2016ರಲ್ಲಿ ಮೀರತ್‌ಗೆ ಒಯ್ದದ್ದು ಇಲ್ಲಿಯ ಮರಿಗಳನ್ನೇ. ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಸಾಕುವ ಮನೆಗಳೂ ಇವೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಈ ನಾಯಿಯ ಹೆಸರು ಹೇಳಿದ್ದರು. ಹೀಗೆ ಹೆಸರು ಬಂದಾಗಲೆಲ್ಲ ಅವಸರದ ಮಾರಾಟವೂ ಹೆಚ್ಚುತ್ತದೆ. ಕಾಯಲು ಸಿದ್ಧರಿರಿ.

ಕಾಗದದಲ್ಲಿ "ಕ್ಯಾರವಾನ್ ಹೌಂಡ್" ಅಂತ ಬರೆದಿದ್ದರೆ ಜಗಳ ಆಡಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಇದರ ಹೆಸರು ಅದೇ, ಮಹಾರಾಷ್ಟ್ರದಲ್ಲಿ ಕಾರವಾನಿ ಅನ್ನುತ್ತಾರೆ. ನಮ್ಮ ಹೆಸರು ಉಳಿದದ್ದು ಮುಧೋಳ ಸಂಸ್ಥಾನದ ಘೋರ್ಪಡೆ ರಾಜರಿಂದ. ಬೇಡರ ಬಳಿ ಉಳಿದಿದ್ದ ಈ ನಾಯಿಗಳನ್ನು ಅವರು ಸಾಕಿ ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೂ ಒಂದು ಜೋಡಿ ಕೊಟ್ಟರು. ಅಂಚೆ ಇಲಾಖೆ 2005ರಲ್ಲಿ ಹೊರತಂದ ಚೀಟಿಯಲ್ಲೂ ಇದು ಮುಧೋಳವೇ.

ಮನೆಗೆ ಬಂದ ಮೇಲೆ

ಕರೆದರೆ ಬರುವ ಪಾಠ ಮೊದಲ ದಿನದಿಂದಲೇ. ಊಟದ ತಟ್ಟೆ ಇಡುವಾಗ ಒಂದೇ ಬಗೆಯ ಸೀಟಿ ಹೊಡೆಯಿರಿ. ನಾಲ್ಕು ತಿಂಗಳಿಂದ 30 ಅಡಿ ಹಗ್ಗ ಕಟ್ಟಿ ಬಯಲಿಗೆ ಬಿಡಿ, ಸೀಟಿ ಹೊಡೆಯಿರಿ, ಬಂದ ಕೂಡಲೇ ಮೊಟ್ಟೆಯ ಚೂರು ಕೊಡಿ. ಹತ್ತು ನಿಮಿಷ ಸತಾಯಿಸಿ ಬಂದರೂ ಬೈಯಬೇಡಿ. ಬಂದದ್ದಕ್ಕೇ ಬೈದರು ಅಂತ ಅದು ಲೆಕ್ಕ ಹಾಕುತ್ತದೆ. ಇಷ್ಟೆಲ್ಲ ಕಲಿತ ನಾಯಿಗೂ ಓಡುವ ಪ್ರಾಣಿ ಕಣ್ಣಿಗೆ ಬಿದ್ದ ಮೇಲೆ ಕಿವಿ ಕೇಳಿಸುವುದಿಲ್ಲ. ರಸ್ತೆ ಹತ್ತಿರ ಹಗ್ಗ ಬಿಚ್ಚಲೇಬಾರದು.

ಕೊರಳಪಟ್ಟಿ ಅಗಲ ಇರಲಿ. ಇವುಗಳ ತಲೆಗೂ ಕತ್ತಿಗೂ ದಪ್ಪದಲ್ಲಿ ಅಂಥ ವ್ಯತ್ಯಾಸ ಇಲ್ಲ. ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಪಟ್ಟಿ ಸರಕ್ಕನೆ ಕಳಚಿ ಬರುತ್ತದೆ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಗಟ್ಟಿ ನೆಲದಲ್ಲಿ ಮಲಗಿ ಮೊಣಕೈ ಒರಟಾಗುತ್ತದೆ, ಗೋಣಿಚೀಲವನ್ನಾದರೂ ಮಡಚಿ ಹಾಸಿ. ಕೆಲವು ಅರಿವಳಿಕೆ ಮದ್ದುಗಳ ಪರಿಣಾಮ ಈ ಬಗೆಯ ನಾಯಿಗಳಲ್ಲಿ ಬೇಗ ಇಳಿಯುವುದಿಲ್ಲ. ಆಪರೇಷನ್ ಏನಾದರೂ ಬಂದರೆ "ಡಾಕ್ಟ್ರೇ, ಇದು ಮುಧೋಳ" ಅಂತ ಮೊದಲೇ ಹೇಳಿ.

ಮರಿ ತರಲು ಹೋಗುವಾಗ ಹಳೆಯ ಟವೆಲ್ ಒಂದನ್ನು ಒಯ್ಯಿರಿ. ತಾಯಿಯ ಮೈಗೆ ಚೆನ್ನಾಗಿ ಉಜ್ಜಿ ತನ್ನಿ, ಮರಿ ಮಲಗುವ ಕಡೆ ಹಾಸಿ. ಮೊದಲ ರಾತ್ರಿ ಅಳುತ್ತದೆ, ಎರಡನೆಯ ರಾತ್ರಿಯೂ ಅಳಬಹುದು. ಟವೆಲನ್ನು ಮಾತ್ರ ಒಂದು ವಾರ ಒಗೆಯಬೇಡಿ.