ಕಡಕ್ ಚಹಾ ಬೇಕೆ? ಪುಡಿ ಹೆಚ್ಚಿಸಿ, ಕುದಿ ಹೆಚ್ಚಿಸಬೇಡಿ

ಚಹಾ ಕೆಟ್ಟರೆ ನಾವು ಮೊದಲು ಬೈಯುವುದು ಪುಡಿಯನ್ನು. 'ಈ ಸಲದ ಪುಡಿ ಸರಿ ಇಲ್ಲ' ಅಂತ ಬೇರೆ ಪೊಟ್ಟಣ ತರುತ್ತೇವೆ, ಇನ್ನೂ ದುಬಾರಿಯದನ್ನು ತರುತ್ತೇವೆ. ಒಗರು ಮಾತ್ರ ಹೋಗುವುದಿಲ್ಲ. ಎಷ್ಟೋ ಸಲ ತಪ್ಪಿರುವುದು ಒಲೆಯ ಮೇಲೆ ಅದನ್ನು ಬಿಟ್ಟ ಹೊತ್ತಿನಲ್ಲಿ. ಕಡಕ್ ಆಗಲಿ ಅಂತ ಕುದಿಸುತ್ತಲೇ ಇರುತ್ತೇವೆ, ಅದು ನಾಲಿಗೆ ಹಿಡಿಯುವಷ್ಟು ಒಗರಾಗುತ್ತದೆ. ಆ ಒಗರು ಮುಚ್ಚಲು ಇನ್ನೊಂದು ಚಮಚ ಸಕ್ಕರೆ!

ಎಲೆಯಲ್ಲಿರುವುದೆಲ್ಲ ಒಂದೇ ಸಲ ನೀರಿಗೆ ಇಳಿಯುವುದಿಲ್ಲ. ಘಮ, ಬಣ್ಣ, ಕೆಫೀನ್ ಬೇಗ ಬರುತ್ತವೆ. ಒಗರು ಕೊಡುವ ಟ್ಯಾನಿನ್‌ಗಳು ನಿಧಾನ. ಹೊತ್ತು ಹೋದಷ್ಟೂ ಇಳಿಯುತ್ತಲೇ ಇರುತ್ತವೆ. ಬೇಗ ಬಂದ ಘಮ ಆವಿಯ ಜೊತೆ ಬೇಗ ಹೊರಟೂ ಹೋಗುತ್ತದೆ. ಅಡುಗೆಮನೆಯೆಲ್ಲ ಚಹಾ ಘಮಘಮ ಅನ್ನುತ್ತಿದ್ದರೆ ಖುಷಿಪಡಬೇಡಿ, ಲೋಟಕ್ಕೆ ಬರಬೇಕಾದದ್ದು ಗಾಳಿಗೆ ಹೋಗುತ್ತಿದೆ. ಆದ್ದರಿಂದ ಗಟ್ಟಿ ಚಹಾ ಬೇಕಾದವರು ಪುಡಿ ಅರ್ಧ ಚಮಚ ಜಾಸ್ತಿ ಹಾಕಿ, ಹೊತ್ತನ್ನು ಇದ್ದಷ್ಟೇ ಇಡಿ. ಇದೊಂದು ಸರಿಹೋದರೆ ಅರ್ಧ ಕೆಲಸ ಮುಗಿದ ಹಾಗೆ.

1. ಡಬ್ಬದೊಳಗೆ ಯಾವ ಚಹಾ ಇದೆ ನೋಡಿ

ಬ್ಲ್ಯಾಕ್ ಟೀ, ಗ್ರೀನ್ ಟೀ, ಊಲಾಂಗ್ ಎಲ್ಲವೂ ಒಂದೇ ಗಿಡದ ಎಲೆ. ಗಿಡದ ಹೆಸರು ಕೆಮೆಲಿಯಾ ಸೈನೆನ್ಸಿಸ್. ಕಿತ್ತ ಮೇಲೆ ಎಲೆಯನ್ನು ಏನು ಮಾಡಿದರು ಅನ್ನುವುದರಲ್ಲೇ ವ್ಯತ್ಯಾಸ. ಬಾಡಿಸಿ, ಹಿಸುಕಿ, ಗಾಳಿಗೆ ಬಿಟ್ಟರೆ ಕಂದು ಬಣ್ಣಕ್ಕೆ ತಿರುಗಿ ಬ್ಲ್ಯಾಕ್ ಟೀ ಆಗುತ್ತದೆ. ಬೇಗನೆ ಬಿಸಿ ತಾಗಿಸಿದರೆ ಆ ಬದಲಾವಣೆ ಅಲ್ಲೇ ನಿಂತು ಹಸಿರಾಗಿ ಉಳಿಯುತ್ತದೆ. ಊಲಾಂಗ್ ಇವೆರಡರ ನಡುವಿನದು. ಕ್ಯಾಮೊಮೈಲ್, ದಾಸವಾಳದಂಥ 'ಹರ್ಬಲ್ ಟೀ'ಗಳಿಗೂ ಈ ಗಿಡಕ್ಕೂ ಸಂಬಂಧವಿಲ್ಲ.

ಸಣ್ಣ ಕಾಳಿನಂತೆ ಗುಂಡಗೆ ಇರುವುದು ಸಿಟಿಸಿ. ಹಲ್ಲಿರುವ ರೋಲರ್‌ಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ತಯಾರಿಸುತ್ತಾರೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ವಿಧಾನ ಇದು. ಬಣ್ಣ ಬೇಗ ಬಿಡುತ್ತದೆ, ಹಾಲು ಹಾಕಿದರೂ ಚಹಾದ ರುಚಿ ಸೋಲುವುದಿಲ್ಲ. ಉದ್ದುದ್ದ ತಿರುಚಿದ ಎಲೆಯದು ನಿಧಾನದ ಸ್ವಭಾವ. ಅದಕ್ಕೆ ಘಮ ಜಾಸ್ತಿ, ಹಾಲು ಹಾಕದಿದ್ದರೇ ಚೆಂದ. ದುಬಾರಿ ಎಲೆ ತಂದು ಹಾಲಲ್ಲಿ ಕುದಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾಲಿನ ಚಹಾಕ್ಕೆ ಸಾಧಾರಣ ಸಿಟಿಸಿ ಸಾಕು.

2. ನೀರು

ಲೋಟದಲ್ಲಿ ಬಹುಪಾಲು ಇರುವುದು ನೀರೇ. ತಾಜಾ ನೀರು ತುಂಬಿಸಿ. ಗಡಸು ನೀರಾದರೆ ಬಣ್ಣ ಮಂಕಾಗುತ್ತದೆ, ಹಾಲಿಲ್ಲದ ಚಹಾದ ಮೇಲೆ ತೆಳ್ಳಗೆ ಎಣ್ಣೆ ಹರಡಿದಂತೆ ಒಂದು ಪೊರೆ ಕಟ್ಟುತ್ತದೆ. ಚಮಚದಿಂದ ತಳ್ಳಿದರೆ ಒಡೆದ ಗಾಜಿನ ಹಾಗೆ ಚೂರು ಚೂರಾಗುತ್ತದೆ. ಪಾತ್ರೆ ಸರಿ ತೊಳೆದಿಲ್ಲ ಅಂತ ಯಾರನ್ನೂ ಬೈಯಬೇಡಿ. ನೀರಿನ ಕ್ಯಾಲ್ಸಿಯಂ ಮತ್ತು ಚಹಾದ ಅಂಶಗಳು ಗಾಳಿಗೆ ಸೇರಿ ಆಗುವ ಪೊರೆ ಅದು. ಫಿಲ್ಟರ್ ನೀರು ಬಳಸಿದರೆ ಕಡಿಮೆಯಾಗುತ್ತದೆ, ನಿಂಬೆರಸ ಹಿಂಡಿದರೆ ಕಾಣುವುದೇ ಇಲ್ಲ. ನಿಂಬೆ ಬಿದ್ದ ಕೂಡಲೇ ಚಹಾದ ಬಣ್ಣ ತಿಳಿಯಾಗುವುದನ್ನೂ ಗಮನಿಸಿ. ಹುಳಿ ಸೇರಿದರೆ ಅದರ ಬಣ್ಣದ ಅಂಶಗಳೇ ಹಾಗೆ ಬದಲಾಗುತ್ತವೆ.

3. ಅಳತೆ

150 ಮಿಲಿಲೀಟರಿನ ಒಂದು ಕಪ್ಪಿಗೆ ಪುಡಿ ಎರಡರಿಂದ ಎರಡೂವರೆ ಗ್ರಾಂ ಸಾಕು. ಸಿಟಿಸಿ ಆದರೆ ಮಟ್ಟಸವಾಗಿ ಒಂದು ಟೀ ಚಮಚ. ಎಲೆ ಚಹಾ ಹಗುರ, ಹಾಗಾಗಿ ಅದೇ ತೂಕಕ್ಕೆ ಚಮಚ ಗೋಪುರದಂತೆ ತುಂಬಬೇಕು.

ಚಹಾಕ್ಕೂ ಅಂತರರಾಷ್ಟ್ರೀಯ ಮಾನದಂಡ ಇದೆ ಅಂದರೆ ನಂಬುತ್ತೀರಾ? 1980ರ ಐಎಸ್‌ಒ 3103. 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ, ಆರು ನಿಮಿಷ. ಇಂಥದ್ದೇ ಆರು ಪುಟದ ವಿಧಾನ ಬರೆದಿಟ್ಟ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್‌ಗೆ 1999ರಲ್ಲಿ ತಮಾಷೆಯ ಇಗ್ ನೊಬೆಲ್ ಬಹುಮಾನವೂ ಬಂತು. ಆದರೆ ಆ ಆರು ನಿಮಿಷವನ್ನು ಮನೆಯಲ್ಲಿ ಪಾಲಿಸಬೇಡಿ. ಬೇರೆ ಬೇರೆ ಚಹಾಗಳನ್ನು ಒಂದೇ ರೀತಿ ತಯಾರಿಸಿ, ಅವುಗಳ ಗುಣ ದೋಷ ಹೋಲಿಸಲು ಇರುವ ಲೆಕ್ಕ ಅದು. ದೋಷ ಎದ್ದು ಕಾಣಲೆಂದೇ ಅಷ್ಟು ಹೊತ್ತು ಬಿಟ್ಟ ಚಹಾ ಸಂಜೆಯ ಹರಟೆಗೆ ಯಾಕೆ ಬೇಕು, ಅಲ್ವಾ?

4. ಹಾಲಿಲ್ಲದ ಚಹಾ

ಕಪ್ಪನ್ನೋ ಕೆಟಲ್ಲನ್ನೋ ಮೊದಲು ಬಿಸಿನೀರಿನಲ್ಲಿ ಒಮ್ಮೆ ಗಲಬರಿಸಿ ಚೆಲ್ಲಿ. ತಣ್ಣಗಿನ ಪಿಂಗಾಣಿ ನೀರಿನ ಬಿಸಿಯನ್ನು ಎಳೆದುಕೊಂಡರೆ ಎಲೆ ಸರಿಯಾಗಿ ಬಿಡುವುದಿಲ್ಲ. ಎಲೆ ಹಾಕಿ, ಆಗಷ್ಟೇ ಕುದಿ ಬಂದ ನೀರು ಸುರಿದು ಮುಚ್ಚಿಡಿ. ಎಲೆ ಚಹಾಕ್ಕೆ ಮೂರರಿಂದ ಐದು ನಿಮಿಷ, ಸಿಟಿಸಿಗೆ ಎರಡರಿಂದ ಮೂರು. ಹೊತ್ತಾದ ಕೂಡಲೇ ಪೂರ್ತಿ ಸೋಸಿಬಿಡಿ. ಎಲೆಯನ್ನು ನೀರಲ್ಲೇ ಬಿಟ್ಟು ಒಂದೊಂದೇ ಕಪ್ ಬಗ್ಗಿಸಿಕೊಂಡರೆ ಮೊದಲನೆಯದು ಚಹಾ, ಮೂರನೆಯದು ಕಷಾಯ. ಟೀ ಬ್ಯಾಗ್ ಆದರೆ ಎತ್ತಿ ಹಾಗೇ ತೆಗೆಯಿರಿ. ಚಮಚಕ್ಕೆ ಸುತ್ತಿ ಹಿಂಡಿದರೆ ಕೊನೆಯ ಒಗರೆಲ್ಲ ಇಳಿಯುತ್ತದೆ.

ಗ್ರೀನ್ ಟೀ ಕಹಿ ಅನ್ನುವವರು ಹೆಚ್ಚಾಗಿ ಅದರ ಮೇಲೆ ಕುದಿಯುವ ನೀರು ಸುರಿದವರು. ಅದಕ್ಕೆ 70ರಿಂದ 80 ಡಿಗ್ರಿ ಸಾಕು. ಕುದಿಸಿದ ನೀರನ್ನು ಕೆಲವು ನಿಮಿಷ ಮುಚ್ಚಳ ತೆಗೆದು ಆರಲು ಬಿಡಿ, ಎಲೆಯನ್ನು ಎರಡು ನಿಮಿಷ ನೆನೆಸಿ, ತೆಗೆಯಿರಿ.

5. ಹಾಲಿನ ಚಹಾ

ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದು ಒಲೆ ಹಚ್ಚುವುದು ಸುಲಭ, ಒಪ್ಪುತ್ತೇನೆ. ಆದರೆ ಹಾಲಿನ ಕೊಬ್ಬು, ಪ್ರೋಟೀನ್ ನಡುವೆ ಪುಡಿ ನೀರಲ್ಲಿ ಬಿಟ್ಟಷ್ಟು ಚೆನ್ನಾಗಿ ಬಿಡುವುದಿಲ್ಲ. ಬಣ್ಣ ಬರಲಿಲ್ಲ ಅಂತ ಮತ್ತೆ ಕುದಿಸಬೇಕು. ಅಷ್ಟರಲ್ಲಿ ಹಾಲಿಗೆ ಕಾಯಿಸಿ ಕಾಯಿಸಿ ಬರುವ ವಾಸನೆ ಬಂದಿರುತ್ತದೆ.

ಇಬ್ಬರಿಗೆ 200 ಮಿಲಿಲೀಟರ್ ನೀರು, 120 ಮಿಲಿಲೀಟರ್ ಹಾಲು, ಎರಡು ಚಮಚ ಸಿಟಿಸಿ ತೆಗೆದುಕೊಳ್ಳಿ. ನೀರು ಮಾತ್ರ ಒಲೆಗಿಡಿ. ಶುಂಠಿ ಹಾಕುವವರು ಈಗಲೇ ಜಜ್ಜಿ ಹಾಕಿ ಎರಡು ನಿಮಿಷ ಕುದಿಸಿ. ಹಸಿ ಶುಂಠಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇರುತ್ತದೆ. ಬೆಚ್ಚಗಿನ ಹಾಲಿಗೆ ನೇರವಾಗಿ ಬಿದ್ದರೆ ಹಾಲು ಒಡೆಯುವುದು ಅದರಿಂದಲೇ. ನೀರಿನಲ್ಲಿ ಕುದಿದರೆ ಆ ಕಿಣ್ವದ ಕೆಲಸ ಮುಗಿಯಿತು. ಹಾಲು ಒಡೆದಾಗಲೆಲ್ಲ ಹಾಲಿನವರನ್ನು ದೂರುವ ಅಗತ್ಯವಿಲ್ಲ.

ನೀರು ತಕತಕ ಕುದಿಯುವಾಗ ಪುಡಿ ಹಾಕಿ, ಉರಿ ಸಣ್ಣ ಮಾಡಿ. ಎರಡು ನಿಮಿಷ, ಹೆಚ್ಚೆಂದರೆ ಮೂರು. ಪಾತ್ರೆ ವಾಲಿಸಿ ಅಂಚು ನೋಡಿ: ತೆಳುವಾಗಿ ಹರಡಿದಲ್ಲಿ ಡಿಕಾಕ್ಷನ್ ಕೆಂಪಗೆ ಹೊಳೆಯುತ್ತಿದ್ದರೆ ಹದ ಬಂದಿದೆ. ಅಲ್ಲೂ ಕಪ್ಪಾಗಿದ್ದರೆ ಹೊತ್ತು ಮೀರಿದೆ. ಇಷ್ಟರಲ್ಲಿ ಹಾಲನ್ನು ಇನ್ನೊಂದು ಪಾತ್ರೆಯಲ್ಲಿ ಬಿಸಿ ಮಾಡಿಕೊಂಡಿರಿ. ಫ್ರಿಜ್ಜಿನಿಂದ ನೇರ ಸುರಿದರೆ ಎಲ್ಲವೂ ತಣ್ಣಗಾಗಿ, ಮತ್ತೆ ಕಾಯುವವರೆಗೆ ಪುಡಿ ಸುಮ್ನೆ ನೆನೆಯುತ್ತದೆ. ಬಿಸಿ ಹಾಲು ಸೇರಿಸಿ, ಒಮ್ಮೆ ಉಕ್ಕಿ ಮೇಲೆ ಬಂದ ತಕ್ಷಣ ಒಲೆ ಆರಿಸಿ, ಒಂದು ನಿಮಿಷ ಮುಚ್ಚಿಟ್ಟು ಸೋಸಿ. ಸೋಸುವಾಗ ಚರಟವನ್ನು ಚಮಚದಿಂದ ಒತ್ತಬೇಡಿ.

ಹಾಲು ಬಿದ್ದ ಕೂಡಲೇ ಚಹಾ ಮೃದುವಾಗುವುದು ಬರೀ ನೀರಾದದ್ದರಿಂದಲ್ಲ. ಹಾಲಿನ ಕೇಸಿನ್ ಎಂಬ ಪ್ರೋಟೀನ್ ಟ್ಯಾನಿನ್‌ಗಳನ್ನು ಹಿಡಿದುಕೊಳ್ಳುತ್ತದೆ, ನಾಲಿಗೆಗೆ ಒಗರು ತಟ್ಟುವುದು ಕಡಿಮೆಯಾಗುತ್ತದೆ.

ಸಕ್ಕರೆ ಯಾವಾಗ ಹಾಕಿದರೂ ರುಚಿಗೆ ಅಂಥ ವ್ಯತ್ಯಾಸವಿಲ್ಲ. ಆದರೆ ಲೋಟಕ್ಕೇ ಹಾಕಿಕೊಂಡರೆ ಎಷ್ಟು ಹಾಕಿದೆವು ಅನ್ನುವುದು ಕಣ್ಣಿಗೆ ಕಾಣುತ್ತದೆ. ಒಂದು ಟೀ ಚಮಚ ಅಂದರೆ ಸುಮಾರು 4 ಗ್ರಾಂ. ದಿನಕ್ಕೆ ನಾಲ್ಕು ಕಪ್, ಕಪ್ಪಿಗೆ ಎರಡು ಚಮಚ ಆದರೆ 32 ಗ್ರಾಂ. ಇಡೀ ದಿನದ ಊಟ ತಿಂಡಿಯಲ್ಲಿ ಸೇರಿಸುವ ಸಕ್ಕರೆ 25 ಗ್ರಾಂ ಆಸುಪಾಸಿನಲ್ಲಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ಬರೀ ಚಹಾದಲ್ಲೇ ಅದು ದಾಟಿತು! ಒಮ್ಮೆಲೇ ಬಿಟ್ಟರೆ ಚಹಾವೇ ಬೇಡ ಅನಿಸಬಹುದು. ವಾರಕ್ಕೆ ಕಾಲು ಚಮಚದಂತೆ ಇಳಿಸಿ. ಒಗರಿಲ್ಲದ ಚಹಾಕ್ಕೆ ಸಕ್ಕರೆ ಹೇಗೂ ಕಡಿಮೆ ಸಾಕು.

6. ಕುಡಿಯುವ ಹೊತ್ತು

ಸುಡುಸುಡು ಚಹಾವನ್ನು ಗಟಗಟ ಕುಡಿಯುವುದು ಶೌರ್ಯವಲ್ಲ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆ ಇದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಹೇಳಿದೆ. ತೊಂದರೆ ಬಿಸಿಯದು, ಚಹಾದ್ದಲ್ಲ. ಸೋಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟರಾಯಿತು. ಸ್ವಲ್ಪ ಆರಿದಾಗಲೇ ರುಚಿಯೂ ಚೆನ್ನಾಗಿ ತಿಳಿಯುತ್ತದೆ.

ಊಟದ ಜೊತೆಗೇ ಚಹಾ ಬೇಡ. ಧಾನ್ಯ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದಂಶ ಮೈಗೆ ಹತ್ತದಂತೆ ಟ್ಯಾನಿನ್ ತಡೆಯುತ್ತದೆ. ಒಂದು ಗಂಟೆ ಅಂತರ ಇರಲಿ. ರಕ್ತಹೀನತೆ ಇರುವವರು, ಗರ್ಭಿಣಿಯರು ಇದನ್ನು ಮರೆಯಬಾರದು.

ಕೆಫೀನ್ ವಿಚಾರ ಜನ ಹೆದರುವಷ್ಟು ದೊಡ್ಡದಲ್ಲ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಗರ್ಭಿಣಿಯರಿಗೆ 200ರವರೆಗೆ ತೊಂದರೆಯಿಲ್ಲ ಎನ್ನುವುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕ. ಒಂದು ಕಪ್ ಚಹಾದಲ್ಲಿ ಇರುವುದು ಸಾಮಾನ್ಯವಾಗಿ 30ರಿಂದ 50. ನಿದ್ದೆಯದೇ ಬೇರೆ ಮಾತು. ಕುಡಿದ ಕೆಫೀನಿನ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಚಹಾದ ಕೆಫೀನಿನಲ್ಲಿ ಅರ್ಧದಷ್ಟು, ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ. ರಾತ್ರಿ ಹೊರಳಾಡುವವರು ಕೊನೆಯ ಕಪ್ಪನ್ನು ಮಧ್ಯಾಹ್ನಕ್ಕೆ ತಂದು ನೋಡಿ.

7. ಉಳಿದದ್ದು, ಇಟ್ಟದ್ದು

ಆರಿದ ಹಾಲಿನ ಚಹಾವನ್ನು ಮತ್ತೆ ಮತ್ತೆ ಕಾಯಿಸಬೇಡಿ. ಘಮ ಹೋಗಿರುತ್ತದೆ, ಗಂಟೆಗಟ್ಟಲೆ ಹೊರಗಿದ್ದರೆ ಹಾಲೂ ಕೆಡುತ್ತದೆ. ಬರುವವರಿಗೆಲ್ಲ ಚಹಾ ಕೊಡಬೇಕಾದ ದಿನ ಡಿಕಾಕ್ಷನ್ ಮಾಡಿ ಸೋಸಿ ಫ್ಲಾಸ್ಕಿಗೆ ಹಾಕಿಡಿ. ಬಂದವರಿಗೆ ಆಗಾಗ ಬಿಸಿ ಹಾಲು ಸೇರಿಸಿ ಕೊಡಿ.

ಪುಡಿಯನ್ನು ಗಾಳಿಯಾಡದ, ಬೆಳಕು ಬೀಳದ ಡಬ್ಬದಲ್ಲಿಡಿ. ಅಕ್ಕಪಕ್ಕದ ವಾಸನೆಯನ್ನು ಅದು ಬೇಗ ಹೀರಿಕೊಳ್ಳುತ್ತದೆ, ಆದ್ದರಿಂದ ಮಸಾಲೆ ಡಬ್ಬಗಳ ಸಾಲಿನಲ್ಲಿ ಬೇಡ. ಒಲೆಯ ಪಕ್ಕವೂ ಬೇಡ, ಅಲ್ಲಿ ಬಿಸಿಯೂ ಆವಿಯೂ ಇದೆ. ಒದ್ದೆ ಚಮಚ ಅದ್ದುವ ಅಭ್ಯಾಸ ಇದ್ದರೆ ಡಬ್ಬದೊಳಗೇ ಒಂದು ಒಣ ಚಮಚ ಹಾಕಿಟ್ಟುಬಿಡಿ.

ಕಪ್ಪಿನ ಒಳಗೆ ಕಟ್ಟುವ ಕಂದು ಕಲೆ ಸೋಪಿಗೆ ಜಗ್ಗುವುದಿಲ್ಲ. ಒದ್ದೆ ಬಟ್ಟೆಗೆ ಚಿಟಿಕೆ ಅಡುಗೆ ಸೋಡಾ ಹಚ್ಚಿ ಉಜ್ಜಿದರೆ ಹೋಗುತ್ತದೆ. ಸೋಸುವ ಜಾಲರಿಯನ್ನೂ ಸೋಡಾ ಹಾಕಿದ ಬಿಸಿನೀರಿನಲ್ಲಿ ಆಗಾಗ ನೆನೆಸಿಡಿ, ಕಣ್ಣುಗಳು ಕಟ್ಟಿಕೊಂಡಿದ್ದರೆ ಬಿಡುತ್ತವೆ.