ಕಿಣ್ವದ ಕೆಲಸವನ್ನು ಪೋರ್ಫಿರಿನ್‌ನಿಂದ ಮಾಡಿಸಿದ ನನ್ನ ಅನುಭವ

ನಮ್ಮ ಯಕೃತ್ತಿನಲ್ಲಿರುವ ಸೈಟೊಕ್ರೋಮ್ ಪಿ-450 ಕಿಣ್ವವು, ಸುಲಭಕ್ಕೆ ಜಗ್ಗದ ಇಂಗಾಲ-ಹೈಡ್ರೋಜನ್ ಬಂಧದೊಳಕ್ಕೂ ದೇಹದ ಉಷ್ಣತೆಯಲ್ಲೇ ಆಮ್ಲಜನಕದ ಒಂದು ಪರಮಾಣುವನ್ನು ಸೇರಿಸಬಲ್ಲದು. ಆ ಕೆಲಸ ನಡೆಯುವುದು ಹೀಮ್‌ನಲ್ಲಿ, ಅಂದರೆ ನಾಲ್ಕು ಪುಟ್ಟ ಪಿರೋಲ್ ಉಂಗುರಗಳು ಬೆಸೆದು ಆದ ಪೋರ್ಫಿರಿನ್ ಎಂಬ ದೊಡ್ಡ ಉಂಗುರದ ನಡುವೆ ಕುಳಿತ ಕಬ್ಬಿಣದಲ್ಲಿ. ಪ್ರೋಟೀನಿನ ನೆರವಿಲ್ಲದೆಯೂ ಇಂಥ ಉತ್ಕರ್ಷಣ ಸಾಧ್ಯವೆಂದು ಜಾನ್ ಗ್ರೋವ್ಸ್ ಮತ್ತು ಸಂಗಡಿಗರು 1979ರಲ್ಲಿ, ಆಮ್ಲಜನಕದ ಪರಮಾಣುವನ್ನು ಒದಗಿಸುವ ಅಯೊಡೊಸಿಲ್‌ಬೆಂಜೀನ್ ಬಳಸಿ ತೋರಿಸಿದರು. ಸಂಶೋಧನೆಗೆ ಸೇರಿದಾಗ ನಾನು ಕೈಹಾಕಿದ್ದೂ ಅದೇ ಕ್ರಿಯೆಗೆ.

ಉಂಗುರ ಕಟ್ಟಲು ಆಡ್ಲರ್-ಲಾಂಗೊ ವಿಧಾನವನ್ನು ಅನುಸರಿಸಿದೆ. ಕುದಿಯುವ ಪ್ರೊಪಿಯಾನಿಕ್ ಆಮ್ಲಕ್ಕೆ ಬೆಂಜಾಲ್ಡಿಹೈಡನ್ನೂ ಆಗಷ್ಟೇ ಬಟ್ಟಿ ಇಳಿಸಿದ ಪಿರೋಲನ್ನೂ ಸಮ ಮೋಲ್ ಪ್ರಮಾಣದಲ್ಲಿ ಸೇರಿಸಿ, ಗಾಳಿಯಾಡುವಂತೆ ಅರ್ಧ ಗಂಟೆ ರಿಫ್ಲಕ್ಸ್ ಮಾಡಬೇಕು, ಅಂದರೆ ಏಳುವ ಆವಿ ತಣಿದು ಮರಳಿ ಬೀಳುವಂತೆ ಕುದಿಸಬೇಕು. ಫ್ಲಾಸ್ಕಿನಲ್ಲಿ ಕಾಣುವುದು ಡಾಂಬರಿನಂಥ ಕಪ್ಪು ದ್ರವ. ತಣಿಸಿ, ಸೋಸಿ, ಮೆಥನಾಲ್‌ನಿಂದ ತೊಳೆಯುತ್ತಾ ಹೋದಂತೆ ಸೋಸುಕಾಗದದ ಮೇಲೆ ಮಿರುಗುವ ನೇರಳೆ ಹರಳುಗಳು ಉಳಿಯುತ್ತವೆ. ಇಳುವರಿ ಸುಮಾರು 20 ಪ್ರತಿಶತ. ಈ ಹರಳನ್ನು ಡೈಮೀಥೈಲ್ ಫಾರ್ಮಮೈಡಿನಲ್ಲಿ ಫೆರಸ್ ಕ್ಲೋರೈಡಿನೊಂದಿಗೆ ಕುದಿಸಿದರೆ ಕಬ್ಬಿಣ ಒಳಸೇರುತ್ತದೆ. ಟಿಎಲ್‌ಸಿ (ಘಟಕಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ತೆಳುಪದರ ಕ್ರೊಮಟೋಗ್ರಫಿ) ತಟ್ಟೆಯನ್ನು ಯುವಿ ದೀಪದಡಿ ಹಿಡಿದಾಗ ಕೆಂಪಾಗಿ ಹೊಳೆಯುವ ಚುಕ್ಕೆ ಇನ್ನೂ ಕಂಡರೆ, ಲೋಹ ಸೇರದ ಉಂಗುರ ಉಳಿದಿದೆ ಎಂದೇ ಅರ್ಥ.

ಜೋಡಿಬಂಧವುಳ್ಳ ಸೈಕ್ಲೋಹೆಕ್ಸೀನ್ ಮೇಲಿನ ಪ್ರಯೋಗದಲ್ಲಿ ಎಪಾಕ್ಸೈಡ್, ಅಂದರೆ ಜೋಡಿಬಂಧದ ಎರಡು ಇಂಗಾಲಗಳಿಗೆ ಆಮ್ಲಜನಕ ಸೇತುವೆಯಾದ ಸಂಯುಕ್ತ, ಸಿಕ್ಕಿತು, ಆದರೆ ದ್ರಾವಣದ ಬಣ್ಣ ಕಣ್ಣೆದುರೇ ಮಾಸುತ್ತಾ ಬಂದಿತು. ಯುವಿ-ದೃಶ್ಯ ರೋಹಿತದಲ್ಲಿ 417 ನ್ಯಾನೊಮೀಟರ್ ಸುತ್ತ ಎದ್ದು ನಿಲ್ಲುವ ಸೊರೇ ಪಟ್ಟಿ, ಅಂದರೆ ಪೋರ್ಫಿರಿನ್ ಉಂಗುರದ ಗುರುತಾದ ಬೆಳಕು ಹೀರುವ ಪಟ್ಟಿ, ಕುಗ್ಗುತ್ತಿತ್ತು. ವೇಗವರ್ಧಕವೇ ಉತ್ಕರ್ಷಣಕ್ಕೆ ಬಲಿಯಾಗುತ್ತಿತ್ತು. ಪ್ರೋಟೀನಿನ ಬೆಲೆ ನನಗೆ ನಿಜವಾಗಿ ಅರ್ಥವಾದದ್ದು ಆಗಲೇ. ಕಿಣ್ವದಲ್ಲಿ ಪ್ರತಿಯೊಂದು ಹೀಮ್ ತನ್ನದೇ ಗೂಡಿನಲ್ಲಿರುತ್ತದೆ, ಆದರೆ ದ್ರಾವಣದಲ್ಲಿ ಕಬ್ಬಿಣ-ಆಕ್ಸೊ ಘಟ್ಟ (ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡ ಅತಿ ಚುರುಕಿನ ಹಂತ) ತಲುಪಿದ ಒಂದು ಅಣು ಪಕ್ಕದ ಉಂಗುರದ ಮೇಲೇ ಎರಗಬಹುದು, ಇಲ್ಲವೇ ಎರಡು ಕಬ್ಬಿಣಗಳು ಒಂದೇ ಆಮ್ಲಜನಕದಿಂದ ಬೆಸೆದುಕೊಂಡು ಜಡ ಜೋಡಿಯಾಗಬಹುದು.

ಆದ್ದರಿಂದ ಬೆಂಜಾಲ್ಡಿಹೈಡಿನ ಬದಲು ಪೆಂಟಾಫ್ಲೋರೊಬೆಂಜಾಲ್ಡಿಹೈಡ್ ತೆಗೆದುಕೊಂಡು, ಕೊಠಡಿಯ ಉಷ್ಣತೆಯಲ್ಲೇ ನಡೆಯುವ ಲಿಂಡ್ಸೆ ವಿಧಾನದಿಂದ ಹೊಸ ಉಂಗುರ ಕಟ್ಟಿದೆ. ಫ್ಲೋರಿನ್‌ಗಳು ಉಂಗುರದಿಂದ ಎಲೆಕ್ಟ್ರಾನ್ ಸಾಂದ್ರತೆಯನ್ನು ತಮ್ಮತ್ತ ಸೆಳೆಯುವುದರಿಂದ ಉಂಗುರ ಉತ್ಕರ್ಷಣಕ್ಕೆ ಅಷ್ಟು ಸುಲಭವಾಗಿ ಈಡಾಗುವುದಿಲ್ಲ, ಕಬ್ಬಿಣ-ಆಕ್ಸೊ ಗುಂಪು ಇನ್ನಷ್ಟು ಚುರುಕಾಗುತ್ತದೆ. ಸಾಮಗ್ರಿ ದುಬಾರಿ, ಆದರೂ ಹಾಕಿದ ಉತ್ಕರ್ಷಕವೆಲ್ಲ ಮುಗಿದ ಮೇಲೂ ಸೊರೇ ಪಟ್ಟಿ ಬಹುಪಾಲು ಹಾಗೆಯೇ ನಿಂತದ್ದನ್ನು ಕಂಡಾಗ ಆ ಖರ್ಚು ಸಾರ್ಥಕವೆನಿಸಿತು.

ಎಪಾಕ್ಸೈಡ್ ಸಿಕ್ಕಿದ ಮಾತ್ರಕ್ಕೆ ಕಿಣ್ವದ ದಾರಿಯಲ್ಲೇ ಕ್ರಿಯೆ ನಡೆಯಿತೆಂದು ನಾನು ಒಪ್ಪುವುದಿಲ್ಲ. ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಫಿಯಲ್ಲಿ, ಜೋಡಿಬಂಧದ ಪಕ್ಕದ ಇಂಗಾಲಕ್ಕೆ ಆಮ್ಲಜನಕ ಸೇರಿದ ಸೈಕ್ಲೋಹೆಕ್ಸೆನಾಲ್ ಮತ್ತು ಸೈಕ್ಲೋಹೆಕ್ಸೆನೋನ್ ದೊಡ್ಡದಾಗಿ ಕಾಣಿಸಿಕೊಂಡರೆ, ಗಾಳಿಯ ಆಮ್ಲಜನಕ, ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಮುಕ್ತ ರ‍್ಯಾಡಿಕಲ್‌ಗಳ ಮೂಲಕ ಕೈಯಾಡಿಸಿದೆಯೆಂದು ಶಂಕಿಸಬೇಕು. ಹೀಗಾಗಿ ನೈಟ್ರೋಜನ್ ಹಾಯಿಸಿಯೂ, ವೇಗವರ್ಧಕವಿಲ್ಲದೆಯೂ ಪ್ರತಿ ಪ್ರಯೋಗವನ್ನು ಹೋಲಿಸಿ ನೋಡುತ್ತೇನೆ.

ಒಣಗಿದ ಅಯೊಡೊಸಿಲ್‌ಬೆಂಜೀನ್ ಬಿಸಿಯಾದರೆ ಸ್ಫೋಟಿಸಬಹುದು. ಜೊತೆಗೆ ಅದು ಅಯೊಡೊಬೆಂಜೀನಿನ ತ್ಯಾಜ್ಯವನ್ನೂ ಉಳಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಉಳಿಯುವುದು ನೀರು ಮಾತ್ರ. ಆದ್ದರಿಂದ ಈಗ ಮ್ಯಾಂಗನೀಸ್ ಪೋರ್ಫಿರಿನ್‌ಗೆ ಲೋಹಕ್ಕೆ ಅಂಟಿ ನೆರವಾಗುವ ಇಮಿಡಜೋಲ್ ಸೇರಿಸಿ, ಪೆರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತಾ ಕೆಲಸ ಮುಂದುವರಿಸಿದ್ದೇನೆ.