ಸ್ಥಳೀಯರಿಗೆ ಕೆಲಸ: ವಸಂತನರಸಾಪುರದ ಒಂದು ಮಷಿನ್ ಶಾಪಿನಲ್ಲಿ ನಾವು ಮಾಡಿದ್ದು

ತುಮಕೂರು ಹತ್ತಿರದ ವಸಂತನರಸಾಪುರದಲ್ಲಿ ಲೋಹದ ಬಿಡಿಭಾಗ ಮಾಡುವ ಒಂದು ಮಷಿನ್ ಶಾಪಿನ ಎಚ್‌ಆರ್ ನಾನು. ಎಚ್‌ಆರ್ ಅಂದ್ರೆ ದೊಡ್ಡದೇನಲ್ಲ. ಪಿಎಫ್ ಚಲನ್, ಗೇಟ್ ಪಾಸ್, ಕ್ಯಾಂಟೀನ್ ಜಗಳ ಎಲ್ಲಾ ನನ್ನ ತಲೆಗೇ. "ನಮ್ಮೂರ ಹುಡುಗರಿಗೆ ಯಾಕೆ ಕೆಲಸ ಕೊಡಲ್ಲ?" ಅಂತ ಊರವರು ಗೇಟಿಗೆ ಬಂದು ಕೇಳುತ್ತಾರೆ. "ಲೋಕಲ್‌ನವರು ನಿಲ್ಲಲ್ಲ ಸಾರ್" ಅಂತ ಒಳಗಿಂದ ಸೂಪರ್‌ವೈಸರ್ ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ.

ಮೊದಲು ಕಾಗದದ ಮೇಲೆ ಏನಿದೆ ನೋಡೋಣ. ಕನ್ನಡಿಗರಿಗೆ ಕೆಲಸದಲ್ಲಿ ಮೀಸಲು ಬೇಕು ಅಂದ ಸರೋಜಿನಿ ಮಹಿಷಿ ವರದಿ 1980ರ ದಶಕದಿಂದ ಚರ್ಚೆಯಲ್ಲಿದೆ. 2020-25ರ ಕೈಗಾರಿಕಾ ನೀತಿ ಒಟ್ಟು ಕೆಲಸದಲ್ಲಿ ಶೇ. 70, ಡಿ ದರ್ಜೆಯಲ್ಲಿ, ಅಂದ್ರೆ ಕೆಳಹಂತದ ಕೆಲಸಗಳಲ್ಲಿ, ಶೇ. 100 ಕನ್ನಡಿಗರಿಗೆ ಅಂತ ಹೇಳಿತು. 2024ರ ಜುಲೈನಲ್ಲಿ ಸಂಪುಟ ಒಪ್ಪಿದ ಮಸೂದೆಯಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಇತ್ತು. ಉದ್ಯಮದವರು ಗಲಾಟೆ ಮಾಡಿದರು, ಎರಡೇ ದಿನದಲ್ಲಿ ಅದನ್ನು ತಡೆಹಿಡಿದರು. ಹರಿಯಾಣದವರು 30 ಸಾವಿರ ಸಂಬಳದವರೆಗಿನ ಕೆಲಸದಲ್ಲಿ ಶೇ. 75 ಸ್ಥಳೀಯರಿಗೆ ಅಂತ ಕಾಯ್ದೆಯನ್ನೇ ತಂದರು, 2023ರ ನವೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಮಾಲೀಕರು "ನಮ್ಮದು ಎಷ್ಟು ಪರ್ಸೆಂಟ್ ಇದೆ?" ಅಂತ ಕೇಳುತ್ತಾರೆ. ಕಂಪನಿ ರೋಲ್‌ನಲ್ಲಿರುವವರನ್ನು (ಕಂಪನಿಯೇ ನೇರ ಸಂಬಳ ಕೊಡುವವರನ್ನು) ಮಾತ್ರ ಎಣಿಸಿದರೆ ಲೆಕ್ಕ ಚೆನ್ನಾಗೇ ಕಾಣುತ್ತದೆ. ಕಂಟ್ರಾಕ್ಟರ್ ಕಡೆಯಿಂದ ಬರುವ ಹೊರಗಿನ ಹೆಲ್ಪರ್‌ಗಳನ್ನೂ ಸೇರಿಸಿದರೆ ಬೇರೆಯೇ ಚಿತ್ರ. ಪರ್ಸೆಂಟ್ ಬಗ್ಗೆ ಮಾತಾಡುವವರು ಮೊದಲು ಕೇಳಬೇಕಾದ್ದು ಇದನ್ನೇ, ಯಾರನ್ನು ಎಣಿಸಿದ್ದೀರಿ ಅಂತ.

ನಾವು ಪರ್ಸೆಂಟ್ ಬಿಟ್ಟು ಬಸ್ ಟೈಮಿಂದ ಶುರು ಮಾಡಿದೆವು. ಕಂಟ್ರಾಕ್ಟರ್ ಕಡೆಯ ಹುಡುಗರು ಹತ್ತಿರದಲ್ಲೇ ರೂಮ್ ಮಾಡಿಕೊಂಡು ಇರುತ್ತಾರೆ, ಬೆಳಗ್ಗೆ ಆರಕ್ಕೆ ಬಾ ಅಂದರೂ ಬರುತ್ತಾರೆ, ಓಟಿ ಅಂದರೂ ನಿಲ್ಲುತ್ತಾರೆ. ಕೋರಾ, ಕೊರಟಗೆರೆ ಕಡೆಯ ಹಳ್ಳಿಯಿಂದ ಬರುವವರಿಗೆ ಆರು ಗಂಟೆ ಶಿಫ್ಟಿಗೆ ಬಸ್ಸೇ ಇಲ್ಲ. ಬೈಕ್ ಇರುವ ಹುಡುಗ ಹೇಗೋ ಬರುತ್ತಾನೆ, ಹೆಣ್ಣುಮಕ್ಕಳು ಏನು ಮಾಡಬೇಕು? ಬಸ್ ಟೈಮ್ ಬದಲಿಸಿ ಅಂತ ಅರ್ಜಿ ಹಿಡಿದು ಓಡಾಡುವುದಕ್ಕಿಂತ ನಮ್ಮ ಶಿಫ್ಟ್ ಬದಲಿಸುವುದು ಸುಲಭ ಅನ್ನಿಸಿತು. ಇನ್‌ಸ್ಪೆಕ್ಷನ್, ಪ್ಯಾಕಿಂಗ್ ಎರಡನ್ನೂ ಮೂರು ಶಿಫ್ಟಿಂದ ತೆಗೆದು, ಬೆಳಗ್ಗೆ ಎಂಟೂವರೆಯ ಒಂದೇ ಶಿಫ್ಟಿಗೆ ತಂದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಕೂಡ ಇಲ್ಲ. ಮೊದಲು ಸಂಬಳದಲ್ಲಿ ಒಳ್ಳೇ ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು. ಈ ಉಚಿತ ಬಸ್ಸನ್ನು ಯಾರೂ ಉದ್ಯೋಗ ನೀತಿ ಅಂತ ಕರೆಯಲಿಲ್ಲ. ಆದರೆ ನಮ್ಮ ಗೇಟಿನಲ್ಲಿ ನಿಂತು ನೋಡಿದರೆ ಆ ಶೇ. 70ರ ಮಾತಿಗಿಂತ ಇದೇ ಜಾಸ್ತಿ ಕೆಲಸ ಮಾಡಿದೆ.

ಹುಡುಗರ ವಿಷಯದಲ್ಲಿ ದಾರಿ ಬೇರೆ, ಅಪ್ರೆಂಟಿಸ್, ಅಂದ್ರೆ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವವರು. 30 ಜನಕ್ಕಿಂತ ಕಡಿಮೆ ಇಲ್ಲದ ಕಂಪನಿ ಒಟ್ಟು ಕೆಲಸಗಾರರ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಅಂತ ಕಾನೂನಿದೆ. ಬಹಳ ಜನ 2.5ಕ್ಕೆ ನಿಲ್ಲಿಸಿಬಿಡುತ್ತಾರೆ. ನಾವು ಮೇಲಿನ ಮಿತಿಯ ಹತ್ತಿರ ಹೋದೆವು. ಸ್ಟೈಪೆಂಡ್‌ನಲ್ಲಿ ಶೇ. 25, ಹೆಚ್ಚೆಂದರೆ ತಿಂಗಳಿಗೆ 1,500 ರೂ., ಕೇಂದ್ರವೇ ಹುಡುಗನ ಖಾತೆಗೆ ಹಾಕುತ್ತದೆ. ಪಿಎಫ್, ಇಎಸ್‌ಐ ಕಟ್ಟಬೇಕಾಗಿಲ್ಲ. ಐಟಿಐ ಪ್ರಿನ್ಸಿಪಾಲರ ಹತ್ತಿರ ಹೋಗಿ ಟರ್ನರ್, ಮೆಷಿನಿಸ್ಟ್ ಮುಗಿಸಿದವರ ಪಟ್ಟಿ ತಂದೆ. ಅದರಲ್ಲಿ ಮನೆಯಿಂದ ಬಂದು ಹೋಗುವಷ್ಟು ಹತ್ತಿರದ ಹಳ್ಳಿಯವರನ್ನೇ ಮೊದಲು ಕರೆದೆ. ಒಂದೇ ಮಾತು, ಅಪ್ರೆಂಟಿಸ್‌ನ ಕೈಗೆ ಪೊರಕೆ ಕೊಟ್ಟರೆ ಅವನು ತಿಂಗಳೊಳಗೆ ಹೋಗುತ್ತಾನೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಮುಂದೆ ಒಬ್ಬ ಹಳೇ ಆಪರೇಟರ್ ಜೊತೆ ನಿಲ್ಲಿಸಬೇಕು, ಆ ಆಪರೇಟರ್‌ಗೂ ಕಲಿಸಿದ್ದಕ್ಕೆ ಏನಾದರೂ ಕೊಡಬೇಕು. ನಾವು ತಿಂಗಳ ಭತ್ಯೆ ಕೊಟ್ಟೆವು. ಇಲ್ಲದಿದ್ರೆ ಅವನು ಯಾಕೆ ಕಲಿಸುತ್ತಾನೆ, ಅಲ್ವಾ?

ರಜೆಯ ಜಗಳ ಬೇರೆ. ದಂಡಿನ ಮಾರಮ್ಮನ ಜಾತ್ರೆ ಬಂದರೆ ಮಧುಗಿರಿ ಕಡೆಯವರು ಒಬ್ಬರೂ ಇರಲ್ಲ, ಕಡಲೆಕಾಯಿ ಕೀಳುವ ಟೈಮಿನಲ್ಲೂ ಅಷ್ಟೇ. "ನೋಡಿದ್ರಾ, ಲೋಕಲ್" ಅಂತ ಸೂಪರ್‌ವೈಸರ್ ಮುಖ ಮಾಡುತ್ತಾರೆ. ಬಿಹಾರದವರು ವರ್ಷಕ್ಕೊಮ್ಮೆ ಊರಿಗೆ ಹೋದರೆ ತಿಂಗಳುಗಟ್ಟಲೆ ಬರಲ್ಲ, ಅದು ಮಾತ್ರ ಯಾರಿಗೂ ತಪ್ಪು ಅನ್ನಿಸಲ್ಲ. ಜಾತ್ರೆಯ ದಿನಗಳನ್ನು ವರ್ಷದ ಶುರುವಿನಲ್ಲೇ ಪ್ಲಾನಿಂಗ್ ವಿಭಾಗಕ್ಕೆ ಕೊಟ್ಟೆ, ಮಷಿನ್ ಸರ್ವಿಸನ್ನು ಆ ವಾರಕ್ಕೇ ಇಟ್ಟುಕೊಂಡೆವು.

ಇನ್ನು ದುಡ್ಡು. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಹೊಸಬರನ್ನು ಸೇರಿಸಿಕೊಂಡರೆ ಕೇಂದ್ರ ದುಡ್ಡು ಕೊಡುತ್ತದೆ, 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಸೇರಿದವರಿಗೆ ಅನ್ವಯ. ಮೊದಲ ಸಲ ಪಿಎಫ್‌ಗೆ ಸೇರುವವರಿಗೆ 15 ಸಾವಿರದವರೆಗೆ, ಎರಡು ಕಂತಿನಲ್ಲಿ. ಕಂಪನಿಗೆ ತಲೆಗೆ ತಿಂಗಳಿಗೆ 3 ಸಾವಿರದವರೆಗೆ ಎರಡು ವರ್ಷ, ತಯಾರಿಕೆಯಲ್ಲಾದರೆ ನಾಲ್ಕು ವರ್ಷ. ನಮ್ಮವರ ಪಿಎಫ್ ಸಂಬಳ 10 ಸಾವಿರದಿಂದ 20 ಸಾವಿರದೊಳಗೆ, ಹಾಗಾಗಿ ತಲೆಗೆ 2 ಸಾವಿರ. ಹೆಚ್ಚುಕಡಿಮೆ ನಾವು ಕಟ್ಟುವ ಪಿಎಫ್‌ನಷ್ಟೇ. 50ಕ್ಕಿಂತ ಕಡಿಮೆ ಜನ ಇದ್ದರೆ ಇಬ್ಬರನ್ನಾದರೂ, 50 ಮತ್ತು ಮೇಲಿದ್ದರೆ ಐವರನ್ನಾದರೂ ಹೊಸದಾಗಿ ಸೇರಿಸಬೇಕು, ಅವರು ಆರು ತಿಂಗಳು ನಿಲ್ಲಬೇಕು. ಯುಎಎನ್ (ಪಿಎಫ್ ಸದಸ್ಯನ ನಂಬರ್) ಈಗ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿಯೇ ಮಾಡಬೇಕು. ಆಧಾರ್‌ನಲ್ಲಿ ಹೆಸರು ಒಂದು ಥರ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ ಇದ್ದರೆ ಸೇರಿಸುವ ಮೊದಲೇ ಸರಿ ಮಾಡಿಸಿ. ಈ ಯೋಜನೆ ಸ್ಥಳೀಯ, ಹೊರಗಿನವ ಅಂತ ನೋಡಲ್ಲ. ಅಪ್ರೆಂಟಿಸ್ ಮುಗಿಸಿದ ಊರ ಹುಡುಗನನ್ನು ರೋಲ್‌ಗೆ ತರುವಾಗ "ಪಿಎಫ್ ಹೊರೆ" ಅಂದ ಮಾಲೀಕರಿಗೆ ಈ ಲೆಕ್ಕವನ್ನೇ ತೋರಿಸಿದೆ.

ಕೆಲಸ ಇಲ್ಲದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಭತ್ಯೆ ಬಂದು ಹುಡುಗರು ಸೋಮಾರಿಗಳಾದರು ಅಂತ ಸುಮ್ನೆ ಹೇಳುತ್ತಾರೆ. ಪದವಿಗೆ ತಿಂಗಳಿಗೆ 3,000, ಡಿಪ್ಲೊಮಾಕ್ಕೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಅದಕ್ಕೋಸ್ಕರ ನನ್ನ ಹತ್ತಿರ ಕೆಲಸ ಬೇಡ ಅಂದವರು ಯಾರೂ ಇಲ್ಲ.

ಈಗಿನ ತಲೆನೋವು ಬೇರೆ. ನಮ್ಮಲ್ಲಿ ಕಲಿತು ಮಷಿನ್ ಸೆಟ್ಟಿಂಗ್ ಮಾಡುವಷ್ಟಾದ ಹುಡುಗ ಬೆಂಗಳೂರಿನ ಪೀಣ್ಯಕ್ಕೆ ಹೋಗುತ್ತಾನೆ, ಅಲ್ಲಿ ಸಂಬಳ ಜಾಸ್ತಿ. ರೂಮ್ ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಉಳಿಯೋದು ಅಷ್ಟಕ್ಕಷ್ಟೇ ಅಂತ ಲೆಕ್ಕ ಹೇಳಿದರೂ ಇಪ್ಪತ್ತೆರಡರ ವಯಸ್ಸಿಗೆ ಅದು ಕೇಳಿಸಲ್ಲ. ಸೆಟ್ಟರ್‌ಗೆ ಬೇರೆ ಸಂಬಳದ ಮೆಟ್ಟಿಲು ಮಾಡಿ ಅಂತ ಮಾಲೀಕರಿಗೆ ಬರೆದು ಕೊಟ್ಟಿದ್ದೇನೆ. ಆ ಫೈಲ್ ಇನ್ನೂ ಅವರ ಟೇಬಲ್ ಮೇಲೇ ಇದೆ.